ಮುದ್ದೆ ಅಗಿದ ಸುಂದರಿ

"ಮೇಡಂ, ನಿಮ್ ಸುಂದರಿ ಮುದ್ದೇನ ಅಗೀತಾವ್ಳೆ!"

ಬೆಳಿಗ್ಗೆ ಏಳಕ್ಕೆ ಫೋನ್‌ನಲ್ಲಿ ಜಯಮ್ಮ ಕೂಗಿದ್ದು ಹೀಗೆ. ಕಾಫಿ ಲೋಟ ಕೆಳಗಿಟ್ಟೆ. ತಿನ್ನುವ ವಸ್ತುವನ್ನು ಅಗಿಯದೆ ಇನ್ನೇನು ಮಾಡುತ್ತಾರೆ?

(ನಾನು ಅನ್ನ ಸಾರಿನ ಮನೆಯವಳು. ಮುದ್ದೆಯನ್ನು ನುಂಗಬೇಕು ಎಂದು ಕೇಳಿದ್ದೆ. ಜಾಹೀರಾತಿನ ಶೂಟಿಂಗ್ ದಿನ ಅದು ತಲೆಗೇ ಹೊಳೆಯಲಿಲ್ಲ. ನಗಬೇಡಿ.)

ಜಯಮ್ಮ ಮೂಡಲಪಾಳ್ಯದಲ್ಲಿ ನಮ್ಮ ಪಕ್ಕದ ಬೀದಿಯವರು. ಇಲ್ಲಿ ಸೈಟುಗಳಾಗುವ ಮೊದಲು ರಾಗಿ ಬೆಳೆದ ಮನೆತನ. ಅವರ ಸಾರಿನ ಪುಡಿ ನೆಂಟರಿಷ್ಟರಲ್ಲೆಲ್ಲ ಫೇಮಸ್. ಆ ಧೈರ್ಯದಲ್ಲಿ ರಾಜಾಜಿನಗರದಲ್ಲಿ ಪುಟ್ಟ ಅಂಗಡಿ ತೆರೆದರು. ಮೂರು ತಿಂಗಳಾದರೂ ಗಿರಾಕಿಗಳೆಂದರೆ ಅದೇ ನೆಂಟರು.

"ದಸರಾ ಒಳಗೆ ವ್ಯಾಪಾರ ಕುದುರ್ಲಿಲ್ಲ ಅಂದ್ರೆ ಬಾಗ್ಲು ಹಾಕ್ಬಿಡ್ತೀನಿ. ಪೇಪರಲ್ಲಿ ಬರೀತೀರಲ್ಲ, ಲೋಕಲ್ ಚಾನೆಲ್‌ಗೆ ಒಂದು ಆಡ್ ಬರ್ಕೊಡಿ ಮೇಡಂ" ಎಂದರು.

ಬರೆದೆ. ಹೇಗೆ ಬರೆದೆ ಅಂತೀರಿ! ಮಣ್ಣಿನ ಘಮ, ಅಜ್ಜಿಯ ಕೈ, ಪ್ರಾಸದ ಮೇಲೆ ಪ್ರಾಸ. ರೇಷ್ಮೆ ಸೀರೆಯ ಮಾಡೆಲ್ ಮುದ್ದೆಯ ತುತ್ತನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೆಲ್ಲಗೆ ಅಗಿದು ನಕ್ಕಳು. ಡೈರೆಕ್ಟರ್ "ಸೂಪರ್" ಎಂದ. ನಾನು ಚಪ್ಪಾಳೆ ಹೊಡೆದೆ. ತಪ್ಪು ಹಿಡಿಯಬಹುದಾಗಿದ್ದ ಒಬ್ಬರೇ ಒಬ್ಬರು, ಜಯಮ್ಮ, ಅಡುಗೆಮನೆಯಲ್ಲಿ ಮುಂದಿನ ಟೇಕ್‌ಗೆ ಮುದ್ದೆ ತಿರುವುತ್ತಿದ್ದರು.

ಹಿಂದಿನ ದಿನ ಸಂಜೆ ಜಾಹೀರಾತು ಬಂದಿತ್ತು. ಆಗಿನಿಂದ ಜಯಮ್ಮನಿಗೆ ಫೋನೋ ಫೋನು. "ಯಾವೂರವ್ಳು ಅವ್ಳು? ಹಲ್ಲಿಗೆ ಅಂಟ್ಕೊಳಲ್ವಾ?" ವಾರಗಿತ್ತಿಯಂತೂ "ಮುದ್ದೆ ಉಣ್ಣೋ ಮನೆ ಮಾನ ಕಳೆದ್ಬಿಟ್ಯಲ್ಲೇ" ಎಂದರಂತೆ. ನನಗೆ ನಿಜವಾಗಿ ನಾಚಿಕೆಯಾಯಿತು. ಚಾನೆಲ್‌ನವರಿಗೆ ಹೇಳಿ ನಿಲ್ಲಿಸಿಬಿಡೋಣ ಎಂದು ಅಂಗಡಿಗೆ ಓಡಿದೆ.

ಅಂಗಡಿ ಮುಂದೆ ಜನ!

ಅನ್ನಪೂರ್ಣೇಶ್ವರಿ ನಗರದಿಂದ ಬಸ್ ಹತ್ತಿ ಬಂದಿದ್ದ ಹಿರಿಯರೊಬ್ಬರು, "ಎಲ್ಲವ್ಳೆ ಆ ಹುಡ್ಗಿ? ಬರಕ್ಕೇಳಮ್ಮ, ಮುದ್ದೆ ಉಣ್ಣೋದ್ ನಾನ್ ಕಲಿಸ್ತೀನಿ" ಎಂದು ಗದರುತ್ತಿದ್ದರು. ಜಯಮ್ಮ ತಾವು ಊಟಕ್ಕೆ ತಂದಿದ್ದ ಡಬ್ಬಿ ಬಿಚ್ಚಿ ಮುಂದಿಟ್ಟರು. ಹಿರಿಯರು ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಎನಿಸಿದರು. ಬೆರಳು ನೆಕ್ಕಿದರು.

"ಸಾರು ಈ ಪುಡೀದೇನಾ? ಎರಡು ಪ್ಯಾಕೆಟ್ ಕೊಡಮ್ಮ."

ಹಿಂದೆ ನಿಂತಿದ್ದ ಹುಬ್ಬಳ್ಳಿ ಕಡೆಯ ಹುಡುಗಿ, "ಆಂಟಿ, ನಾವು ರೊಟ್ಟಿ ಮಂದಿ. ನುಂಗೋದು ಹ್ಯಾಂಗಂತ ನಮಗೂ ತೋರಸ್ರಿ" ಎಂದಳು.

ಜಾಹೀರಾತು ನಿಲ್ಲಲಿಲ್ಲ. ಬದಲಿಗೆ ಜಯಮ್ಮನೇ ಸೆರಗು ಸಿಕ್ಕಿಸಿಕೊಂಡು ಬಂದು "ಅಗೀಬೇಡ ಕಣವ್ವ, ನುಂಗು!" ಎಂದು ಮಾಡೆಲ್‌ಗೆ ಗದರುವ ಐದು ಸೆಕೆಂಡ್ ಕೊನೆಗೆ ಸೇರಿತು. (ಜಾಗ ಬೇಕಿತ್ತಲ್ಲ, ನನ್ನ ಪ್ರಾಸಗಳು ಹೋದವು.) ಈಗ ವಿಜಯನಗರದ ಬಸ್‌ಸ್ಟಾಪಿನಲ್ಲಿ ಕಾಲೇಜು ಹುಡುಗರೂ ಅದನ್ನೇ ಹೇಳಿಕೊಂಡು ನಗುತ್ತಾರೆ.

ದಿನಕ್ಕೆ ಎಷ್ಟು ಚಂದದ ಜಾಹೀರಾತು ನೋಡುತ್ತೇವೆ? ವಾಹ್ ಎನ್ನುತ್ತೇವೆ. ಯಾವ ಸೋಪಿನದು ಎಂದರೆ ತಲೆ ಕೆರೆದುಕೊಳ್ಳುತ್ತೇವೆ. ನಮಗೆ ಚೆನ್ನಾಗಿ ಗೊತ್ತಿರುವ ವಿಷಯದಲ್ಲಿ ಟೀವಿ ಎಡವಿತೋ, ಎದ್ದು ಕೂರುತ್ತೇವೆ. ತಿದ್ದುವ ಸುಖ ಯಾರಿಗೆ ಬೇಡ? ಆದರೆ ಸಾರು ಸಪ್ಪೆಯಾಗಿದ್ದಿದ್ದರೆ ಆ ಹಿರಿಯರು ಬೈದು ಹೋಗುತ್ತಿದ್ದರು, ಅಷ್ಟೇ.

ದಸರಾ ಕಳೆಯಿತು. ಅಂಗಡಿ ಬಾಗಿಲು ತೆರೆದೇ ಇದೆ. ಮೊನ್ನೆ ಜಯಮ್ಮ ಮತ್ತೆ ಫೋನ್ ಮಾಡಿದ್ದರು.

"ಚಟ್ನಿಪುಡಿಗೂ ಒಂದು ಆಡ್ ಬರ್ಕೊಡಿ ಮೇಡಂ. ನಿಮ್ಮಷ್ಟು ಚೆನ್ನಾಗಿ ತಪ್ಪು ಮಾಡೋಕೆ ಬೇರೆ ಯಾರಿಗ್ ಬರುತ್ತೆ?"