ಸ್ಕ್ಯಾನಿನ ದಿನ ಮಾಡಿದ ಶಿರಾ

ಅಪ್ಪ ಕಾಂದಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ಮುಖ್ಯ ಅಡುಗೆಯವರು. ಅವರ ಶ್ವಾಸಕೋಶದಲ್ಲಿರುವುದು ಕ್ಯಾನ್ಸರ್ ಗಡ್ಡೆ ಎಂದು ಖಚಿತವಾದ ಮೇಲೆ ಡಾಕ್ಟರು ಪೆಟ್ ಸ್ಕ್ಯಾನ್ ಬರೆದುಕೊಟ್ಟರು. ರೋಗ ಅಲ್ಲೇ ನಿಂತಿದ್ದರೆ ಆಪರೇಷನ್. ಬೇರೆ ಕಡೆ ಹರಡಿದ್ದರೆ ಅದೂ ಇಲ್ಲ. ಮನೆಯಲ್ಲಿ ಎಲ್ಲರ ತಲೆಯಲ್ಲೂ ಇದೊಂದೇ ಇತ್ತು.

ಈ ಸ್ಕ್ಯಾನಿಗೆ ಮೊದಲು ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕ್ಯಾನ್ಸರ್ ಇರುವ ಜಾಗ ಅದನ್ನು ಹೆಚ್ಚು ಹೀರಿಕೊಂಡು ಚಿತ್ರದಲ್ಲಿ ಎದ್ದು ಕಾಣುತ್ತದೆ. ರಕ್ತದಲ್ಲಿ ಮೊದಲೇ ಸಕ್ಕರೆ ತುಂಬಿದ್ದರೆ ಚಿತ್ರವನ್ನು ನಂಬುವಂತಿಲ್ಲ. ಅಪ್ಪನಿಗೆ ಮಧುಮೇಹ ಬೇರೆ. ಏನೂ ತಿನ್ನಬಾರದೆಂದು ಮತ್ತೆ ಮತ್ತೆ ಹೇಳಿದ್ದೆ.

ಸ್ಕ್ಯಾನ್ ಇದ್ದದ್ದು ಮಧ್ಯಾಹ್ನ. ಬೇಡವೆಂದರೂ ಕೇಳದೆ ಬೆಳಗ್ಗೆ ಹೋಟೆಲಿಗೆ ಹೋಗಿ, ಅಪ್ಪ ಅಲ್ಲಿಂದಲೇ ನೇರ ಸ್ಕ್ಯಾನ್ ಸೆಂಟರಿಗೆ ಬಂದರು. ನರ್ಸ್ ಅವರ ಬೆರಳು ಚುಚ್ಚಿ ಮೀಟರ್ ನೋಡಿದರು. ಇನ್ನೊಂದು ಬೆರಳನ್ನೂ ಚುಚ್ಚಿದರು, ಸಕ್ಕರೆ ಆಗಲೂ ಹೆಚ್ಚೇ ಇತ್ತು.

"ಕಾಕಾ, ಕುಛ್ ಖಾಯಾ ಕ್ಯಾ?"

"ಕುಛ್ ನಹೀ," ಎಂದರು ಅಪ್ಪ.

"ಪಪ್ಪ, ನಿಜ ಹೇಳಿ. ಎಂತ ತಿಂದ್ರಿ?" ಎಂದು ನಾನು ಕೇಳಿದೆ.

"ತಿಂದದ್ದು ಎಂತದೂ ಇಲ್ಲ ಮಾರಾಯ್ತಿ. ಒಂದು ನಾಮಕರಣದ ಆರ್ಡರ್ ಇತ್ತು, ಶಿರಾ, ಪಾಯಸ. ರುಚಿ ನೋಡದೆ ಕಳಿಸ್ಲಿಕ್ಕೆ ಆಗ್ತದಾ?"

"ಎಷ್ಟು ಸಲ ನೋಡಿದ್ರಿ?"

"ಶಿರಾ ಸ್ವಲ್ಪ ಸಪ್ಪೆ ಆಗಿತ್ತು. ಸಕ್ಕರೆ ಹಾಕಿ ಮತ್ತೆ ನೋಡ್ಬೇಕಲ್ಲ? ನೀನೊಳ್ಳೆ ಪೊಲೀಸಿನವರ ಹಾಗೆ ಕೇಳ್ತೀಯಲ್ಲ!"

ಅವರು ಸುಳ್ಳು ಹೇಳುತ್ತಿರಲಿಲ್ಲ. ಏಕಾದಶಿಯ ಉಪವಾಸದಲ್ಲೂ ಅಪ್ಪ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುತ್ತಾರೆ, ಉಪವಾಸ ಕೆಟ್ಟಿತೆಂದು ಒಮ್ಮೆಯೂ ಅಂದುಕೊಂಡವರಲ್ಲ. ಆ ಅಡುಗೆಮನೆಯಲ್ಲಿ ಎಲ್ಲರಿಗೂ ಹಾಗೆಯೇ. ತಟ್ಟೆಯ ಮುಂದೆ ಕೂತರೆ ಮಾತ್ರ ತಿಂದಂತೆ.

ಅಂದು ಸ್ಕ್ಯಾನ್ ಮಾಡಲಿಲ್ಲ. ಅವರಿಗೆಂದು ಬಂದ ವಿಕಿರಣದ ಆ ಸಕ್ಕರೆ ಮರುದಿನಕ್ಕೆ ಉಳಿಯುವಂಥದ್ದಲ್ಲ, ಗಂಟೆಗಳಲ್ಲೇ ಅದರ ಶಕ್ತಿ ಇಳಿದುಹೋಗುತ್ತದೆ. ಮುಂದಿನ ವಾರ ಬನ್ನಿ ಎಂದರು. ಬೊರಿವಲಿ ಲೋಕಲ್ ರೈಲಿನಲ್ಲಿ ಮನೆಗೆ ಹೊರಟೆವು. ಇಳಿಯುವಾಗ ಅಪ್ಪ, "ಒಂದು ವಾರದಲ್ಲಿ ಅದು ದೊಡ್ಡದಾಗ್ತದಾ?" ಎಂದು ಕೇಳಿದರು. ಗೊತ್ತಿಲ್ಲ ಎಂದೆ. ನನಗೆ ನಿಜಕ್ಕೂ ಗೊತ್ತಿರಲಿಲ್ಲ.

ಆ ವಾರವೆಲ್ಲ ಅವರು ಹೋಟೆಲಿನ ಕಡೆ ಹೋಗಲಿಲ್ಲ. ಎರಡನೆಯ ಸಲ ಸಕ್ಕರೆ ಸರಿಯಾಗಿತ್ತು. ಇಂಜೆಕ್ಷನ್ ಕೊಟ್ಟು, ಮಾತಾಡದೆ ಅಲ್ಲಾಡದೆ ಮಲಗಿರಬೇಕೆಂದು ಅಪ್ಪನನ್ನು ಒಂದು ಕೋಣೆಯಲ್ಲಿ ಒಬ್ಬರನ್ನೇ ಬಿಟ್ಟರು. ನನ್ನನ್ನು ಒಳಗೆ ಬಿಡಲಿಲ್ಲ.

ಮರುದಿನ ಡಾಕ್ಟರು ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಎದೆಯಲ್ಲಿದ್ದದ್ದು ನಮಗೆ ಗೊತ್ತೇ ಇತ್ತು. ಬೆನ್ನುಮೂಳೆಯಲ್ಲೂ ಇತ್ತು, ಸೊಂಟದಲ್ಲೂ ಇತ್ತು. ಇನ್ನು ಕೊಯ್ದು ಪ್ರಯೋಜನವಿಲ್ಲ, ಔಷಧದಲ್ಲೇ ನೋಡೋಣ ಎಂದು ಅವರು ನಿಧಾನವಾಗಿ ಹಿಂದಿಯಲ್ಲಿ ಹೇಳಿದರು. ಅಪ್ಪ ತಲೆಯಾಡಿಸುತ್ತಿದ್ದರು. ಕೊನೆಗೆ ಕೇಳಿದ್ದು ಒಂದೇ: ಹೋದ ವಾರವೇ ಸ್ಕ್ಯಾನ್ ಆಗಿದ್ದರೆ?

"ಕುಛ್ ನಹೀ ಬದಲ್ತಾ, ಕಾಕಾ. ಏನೂ ಬದಲಾಗುತ್ತಿರಲಿಲ್ಲ, ಇದು ಒಂದು ವಾರದಲ್ಲಿ ಹರಡಿದ್ದಲ್ಲ," ಎಂದರು ಡಾಕ್ಟರು.

ಅಪ್ಪನ ಮುಖ ಸಡಿಲವಾಯಿತು. ಮೆಟ್ಟಿಲಿಳಿಯುವಾಗ ನನ್ನಿಂದ ಅದೇ ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಸ್ಟೇಷನ್ನಿನ ಬೆಂಚಿನಲ್ಲಿ ಕೂತ ಮೇಲೆ, ತುಸು ಗೆಲುವಾಗಿಯೇ, "ಹಾಗಾದ್ರೆ ಮಗಾ, ಆಪರೇಷನ್ ಯಾವಾಗ ಅಂತೆ?" ಎಂದರು.

ಅವರು ಆ ಒಂದು ವಾರದ ಯೋಚನೆಯಲ್ಲೇ ಇದ್ದುಬಿಟ್ಟಿದ್ದರು. ಡಾಕ್ಟರು ಹೇಳಿದ ಉಳಿದದ್ದೇನೂ ಅವರ ಕಿವಿಗೆ ಬಿದ್ದಿರಲಿಲ್ಲ. ಬಂದ ಲೋಕಲ್ಲನ್ನು ಬಿಟ್ಟುಬಿಟ್ಟೆ. ಅದು ಹೋದ ಮೇಲೆ ಹೇಳಿದೆ.