ಆ ಪುಟಕ್ಕೆ ತಕ್ಕ ಜಾಗ

ಅವರು ಬಲಗೈಯನ್ನು ಸದಾ ಸೆರಗಿನೊಳಗೆ ಇಟ್ಟುಕೊಂಡಿರುತ್ತಿದ್ದರು. ಎಡಗೈಯ ತೋರುಬೆರಳಿನ ಉಗುರಂಚಿನಲ್ಲಿ ತೊಳೆದರೂ ಹೋಗದ ಕಪ್ಪು ಶಾಯಿ. ವಿಜಯವಾಡದ ಗವರ್ನರ್‌ಪೇಟೆಯಲ್ಲಿ, ಕಾಗದದ ಸಗಟು ಅಂಗಡಿಯೊಂದರ ಮೇಲಿನ ಮನೆಯಲ್ಲಿ ಅವರನ್ನು ಮೊದಲ ಸಲ ಕಂಡಾಗ ನಾನು ಈ ಎರಡನ್ನೂ ಗಮನಿಸಿದ್ದೆ. ಗಮನಿಸಿಯೂ ತಪ್ಪಾಗಿ ಓದಿಕೊಂಡೆ. ಕಾಫಿ ತಂದಿಟ್ಟವರು ಅವರ ಯಜಮಾನರು. ತೆಲುಗಿನವರು; ಹೆಂಡತಿಯಿಂದ ಕಲಿತ ಕನ್ನಡಕ್ಕೆ ತಮ್ಮ ಭಾಷೆಯ 'ಅಂಡಿ' ಮರ್ಯಾದೆಯನ್ನು ಅಂಟಿಸಿ, "ಬಿಸಿ ಇದೆ ಸಾರ್, ತಗೊಳ್ಳಂಡಿ" ಎಂದರು. ಮನೆಯಾಕೆ ಲೋಟ ಮುಟ್ಟಲಿಲ್ಲ. ಅವರಿಗೆ ಗರ್ವ ಹೆಚ್ಚು ಎಂದು ಹಲವರು ಹೇಳಿದ್ದರು. ಕಿವಿಗೆ ಬಿದ್ದುದನ್ನು ಪರೀಕ್ಷಿಸದೆ ನಂಬಬಾರದೆಂದು ಊರಿಗೆಲ್ಲ ಹೇಳುವ ನಾನು ಆ ಮಾತನ್ನು ಮಾತ್ರ ಹಾಗೆಯೇ ನಂಬಿಕೊಂಡೆ.

ನಮ್ಮನ್ನು ಕೂಡಿಸಿದ್ದು ಅಂತರ್ಜಾಲದ ಒಂದು ತಾಣ. ಕನ್ನಡ, ತೆಲುಗು ಅಕ್ಷರಗಳನ್ನು ಕೈಯಿಂದ ಚೆಂದವಾಗಿ ಬರೆಯುವವರು ಅಲ್ಲಿ ಪುಟಗಳನ್ನು ಹಾಕಿ ಚರ್ಚಿಸುತ್ತಾರೆ. ನಾನು ವಿಶಾಖಪಟ್ಟಣದಲ್ಲಿ, ಸಿಂಹಾಚಲದ ರಸ್ತೆಯಲ್ಲಿರುವವನು. ಎಂಟನೆಯ ತರಗತಿಯ ನಂತರ ಕಲಿತದ್ದನ್ನೆಲ್ಲ ಶಾಸನದ ಕಲ್ಲು, ಕಾಗದ, ಹಳೆಯ ಪುಸ್ತಕಗಳಿಂದ ಕಲಿತೆ. ಅವರು ಆ ತಾಣದ ನಿರ್ವಾಹಕಿ. ಹುಟ್ಟೂರು ಧಾರವಾಡ. ಮದುವೆಯಾಗಿ ಬಂದು, ನಕ್ಷೆ ಬರೆಯುವ ಕಚೇರಿಯೊಂದರಲ್ಲಿ ಕಾಲುವೆ, ಸೇತುವೆಗಳ ಹೆಸರುಗಳನ್ನು ಕೈಯಿಂದ ಬರೆದು ನಿವೃತ್ತರಾದವರು.

ಅವರು ಬರುವ ಮೊದಲು ತಾಣದಲ್ಲಿ ಎಲ್ಲವೂ ಒಂದೇ ರಾಶಿ. ಹೊಸಬರ ಅಂಕುಡೊಂಕು ಗೆರೆಗಳ ಮೇಲೆ ಪಳಗಿದವರ ಪುಟ, ಅದರ ಮೇಲೆ ನಿಬ್ಬಿನ ವಿಚಾರಣೆ, ಅದರ ಮೇಲೆ ಜಗಳ. ಅವರು ಒಂದೊಂದನ್ನೂ ಓದಿ, ವಿಭಾಗ ಮಾಡಿ, ಅದರದರ ಜಾಗಕ್ಕೆ ಸೇರಿಸಿದರು. ಕನ್ನಡವನ್ನೂ ತೆಲುಗನ್ನೂ ಬೇರೆ ಮಾಡಿರೆಂದು ಕೆಲವರು ಹಟ ಹಿಡಿದಾಗ ಒಪ್ಪಲಿಲ್ಲ. "ನಮ್ಮ ಮನ್ಯಾಗ ಎರಡೂ ಒಂದ ತಾಟಿನ್ಯಾಗ ಉಣ್ತಾವ. ಇಲ್ಲಿ ಯಾಕ ಪಂಕ್ತಿಭೇದ?" ಎಂದರು. ನಕ್ಷೆಯ ಕಚೇರಿಯಲ್ಲಿ ಕಲಿತ ಒಂದು ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು: "ಬರೆದವರ ಕಣ್ಣಿಂದ ಇಡಬಾರದು, ಹುಡುಕಿಕೊಂಡು ಬರೋರ ಕಣ್ಣಿಂದ ಇಡಬೇಕು."

ನನ್ನ ಅವರ ಪರಿಚಯವಾದದ್ದು ಜಗಳದಿಂದ. ತಾಳೆಗರಿಯ ಮೇಲೆ ನೇರ ಗೆರೆ ಎಳೆದರೆ ಗರಿ ಸೀಳುತ್ತದೆ, ಆದ್ದರಿಂದಲೇ ನಮ್ಮ ಅಕ್ಷರಗಳು ದುಂಡಗಾದವು ಎಂದು ಎಲ್ಲರೂ ಹೇಳುತ್ತಾರೆ. ನಾನು ಗರಿಗಳನ್ನು ತಂದು ಹದಮಾಡಿ, ಗರಿಯ ಮೇಲೆ ಕೊರೆಯುವ ಕಬ್ಬಿಣದ ಲೇಖನಿಯಾದ ಕಂಠದಿಂದ ನೇರ ಗೆರೆಗಳನ್ನು ಎಳೆದು ನೋಡಿದೆ. ಸೀಳಲಿಲ್ಲ. ಅದನ್ನು ವಿವರವಾಗಿ ಬರೆದು 'ಇತಿಹಾಸ' ವಿಭಾಗದಲ್ಲಿ ಹಾಕಿದೆ. ಮರುದಿನ ಬೆಳಿಗ್ಗೆ ಅದು 'ಇನ್ನೂ ತೀರದ ವಾದ' ಎಂಬ ವಿಭಾಗದಲ್ಲಿತ್ತು. ಸಿಟ್ಟಿನಿಂದ ದೂರವಾಣಿ ಮಾಡಿದೆ.

"ಅಲ್ಲ ಮೇಡಂ, ನಾನೇನು ಕಟ್ಟುಕತೆ ಬರೆದೆನೆ?"

"ಛಲೋ ಬರದೀರಿ ಅಣ್ಣಾರ. ಆದ್ರ ಇತಿಹಾಸದಾಗ ಇಟ್ರ ಓದಿದವರು ನಂಬಿ ಸುಮ್ಮನಾಗ್ತಾರ. ನಿಮಗ ನಂಬೋರು ಬೇಕೋ, ತಿರುಗಿ ಕೇಳೋರು ಬೇಕೋ?"

ಅವರನ್ನು ಕಾಣಲೇಬೇಕೆಂದು ಮುಂದಿನ ವಾರವೇ ವಿಜಯವಾಡಕ್ಕೆ ಹೋದದ್ದು, ಆ ಕಾಫಿಯ ದಿನ.

ಅವರು ಮಾಡಿದ ವಿಭಾಗಗಳಲ್ಲಿ ಅವರಿಗೆ ಪ್ರಿಯವಾದದ್ದು 'ಮೊದಲ ಗೆರೆ'. ಈಗ ತಾನೇ ಕಲಿಯತೊಡಗಿದವರ ಜಾಗ ಅದು. ಬರೆದವರು ಕೇಳುವವರೆಗೆ ಅಲ್ಲಿ ಯಾರೂ ತಪ್ಪು ತೋರಿಸಬಾರದೆಂಬುದು ಅವರೇ ಕಟ್ಟಿದ ನಿಯಮ. ನಾನು ಮುರಿದದ್ದು ಆ ನಿಯಮವನ್ನು.

ಒಂದು ದಿನ ಅಲ್ಲಿ ಹೆಸರಿಲ್ಲದ ಪುಟವೊಂದು ಬಂತು. ಪುಟದ ತುಂಬ 'ಕ' ಅಕ್ಷರ. ಗೆರೆಗಳು ನಡುಗಿದ್ದವು, ತಲೆಕಟ್ಟುಗಳು ಓಲಾಡುತ್ತಿದ್ದವು. ಆದರೆ ಲೇಖನಿಯನ್ನು ಎತ್ತಬೇಕಾದಲ್ಲೇ ಎತ್ತಲಾಗಿತ್ತು. ಸಾಲುಗಳ ನಡುವಿನ ಅಂತರ ಅಳೆದಂತಿತ್ತು. ನಾನು ಬರೆದೆ: "ಇದು ಹೊಸಬರ ಕೈಯಲ್ಲ. ಬಲ್ಲವರು ಬೇಕೆಂದೇ ನಡುಗಿಸಿ ಬರೆದದ್ದು. ಕಲಿಯುವವರ ನಡುವೆ ಈ ನಾಟಕ ಬೇಡ. ತೆಗೆಯಿರಿ." ಹಲವರು ದನಿಗೂಡಿಸಿದರು. ಒಬ್ಬರಂತೂ ಚಪ್ಪಾಳೆಯ ಚಿತ್ರ ಹಾಕಿದರು. ಸಂಜೆಯ ಹೊತ್ತಿಗೆ ಪುಟ ಅಲ್ಲಿರಲಿಲ್ಲ. ಸತ್ಯವನ್ನು ಕಾಯ್ದೆನೆಂದು ನಾನು ಹಿಗ್ಗಿದೆ.

ವಾರದ ಮೇಲೆ ಅವರ ಯಜಮಾನರು ಕರೆ ಮಾಡಿದರು.

"ಸಾರ್, ಆ ಪೇಜು ನಮ್ಮವಳದೇ ಅಂಡಿ."

ಯಾವ ಪುಟವೆಂದು ನಾನು ಕೇಳಬೇಕಿರಲಿಲ್ಲ. ಅವರೇ ಮುಂದುವರಿಸಿದರು:

"ಪಕ್ಷವಾತಂ ಬಂದು ಎರಡು ವರ್ಷ ಆಯ್ತು. ರೈಟ್ ಹ್ಯಾಂಡ್ ಏಳಲ್ಲ. ಲೆಫ್ಟ್‌ನಲ್ಲಿ ದಿನಾ ಕೂತು ಕಲಿತಳು. ಹಾಕಲಾ ಬೇಡವಾ ಅಂತ ತಿಂಗಳುಗಟ್ಟಲೆ ನೋಡಿ ಹಾಕಿದ್ದು. ಈಗ ಪೆನ್ನೇ ಮುಟ್ಟಲ್ಲ ಸಾರ್. ನಾನು ಹೇಳಿದರೆ ಕೇಳಲ್ಲ. ನೀವು ಹೇಳಿದ್ದು ಕೇಳಿದಳಲ್ಲ, ಅದಕ್ಕೇ ಫೋನ್ ಮಾಡಿದೆ."

ಆ ಕೊನೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಾಗುತ್ತಿತ್ತು.

ಮರುದಿನ ಬೆಳಗಿನ ರೈಲು ಹಿಡಿದೆ. ಅವರು ಬಾಗಿಲಿನತ್ತ ಮುಖ ಮಾಡಿ ಕುಳಿತಿದ್ದರು. ಎಡಗೈಯ ಉಗುರು ಬೆಳ್ಳಗಿತ್ತು. ನಾನು ಕ್ಷಮೆ ಕೇಳಿದೆ.

"ಬಿಡ್ರಿ ಅಣ್ಣಾರ," ಎಂದರು. "ನೀವು ಸುಳ್ಳು ಬರದಿಲ್ಲ. ನನ್ನ ಕೈ ಹೊಸಾದು, ಕಣ್ಣು ಹಳೇದು. ನಾ ಹೊಸಾಕಿ ಅಂದ್ರ ಯಾರು ನಂಬ್ಯಾರು? ಹಳಬರ ಸಾಲಿನಾಗ ಕೂಡ್ರಾಕ ಈ ಕೈ ಆಗೂದಿಲ್ಲ. ಎಲ್ಲಾರಿಗೂ ಜಾಗಾ ಮಾಡಿದೆ. ನನಗ ಒಂದೂ ಒಪ್ಪಲಿಲ್ಲ."

ಕೆಳಗೆ ಆಟೋಗಳ ಗದ್ದಲ. ಅವರ ಯಜಮಾನರು ಅಡುಗೆಮನೆಯ ಬಾಗಿಲಲ್ಲಿ ನಿಂತೇ ಇದ್ದರು. ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಸಮಾಧಾನದ ಮಾತುಗಳು ಯಾವುವೂ ಅಲ್ಲಿ ಸಲ್ಲುವಂತಿರಲಿಲ್ಲ. ಕೊನೆಗೆ ಕೇಳಿದೆ:

"ಮೇಡಂ, ನಾಳೆ ಇನ್ನೊಬ್ಬರು ಬರುತ್ತಾರೆ ಅಂತಿಟ್ಟುಕೊಳ್ಳಿ. ಬಲಗೈ ಹೋದವರು. ಅವರು ಎಲ್ಲಿ ಹುಡುಕುತ್ತಾರೆ? ಪಳಗಿದವರ ಪುಟಗಳಲ್ಲೋ, ಮೊದಲ ಗೆರೆಯಲ್ಲೋ?"

ಅವರ ತುಟಿಯ ಒಂದು ಕೊನೆ ಮಾತ್ರ ನಕ್ಕಿತು.

"ನನ್ನ ಮಾತ ನನಗ ತಿರುಗಿಸಿ ಹೊಡಿತೀರಲ್ಲ! ಭಾಳ ಹಟಮಾರಿ ಮನುಷ್ಯಾರು ನೀವು."

ಅಂದು ಅಲ್ಲಿಯೇ ಕುಳಿತು ನನ್ನ ತಪ್ಪನ್ನು ಬರೆದು ತಾಣದಲ್ಲಿ ಹಾಕಿದೆ. ಅವರು ಆ ಪುಟವನ್ನು ಮೊದಲ ಗೆರೆಗೆ ಮರಳಿಸಿ, ಈ ಸಲ ಹೆಸರು ಹಾಕಿದರು. "ಎಡಗೈ. ಕಲಿಯುತ್ತಿದ್ದೇನೆ. ತಪ್ಪಿದ್ದರೆ ಹೇಳಿ" ಎಂದು ಸೇರಿಸಿದರು. ಮುಂದೆ ಒಂದು ವರ್ಷಕ್ಕೂ ಮಿಕ್ಕಿ, ವಾರಕ್ಕೊಂದು ಪುಟ ಬಂತು. ಗೆರೆಗಳು ನಿಧಾನವಾಗಿ ನೆಟ್ಟಗಾದವು. ಎಂದೂ ಪೂರ್ತಿ ನೆಟ್ಟಗಾಗಲಿಲ್ಲ. ಅವರ ಹಳೆಯ ಕೈಬರಹವನ್ನು ನಾನು ಆಮೇಲೆ ನಕ್ಷೆಗಳಲ್ಲಿ ಕಂಡಿದ್ದೇನೆ, ಕುಂದಿಲ್ಲದ್ದು. ನನಗೆ ನೆನಪಿರುವುದು ಎಡಗೈಯದು.

ಎರಡನೆಯ ಸಲ ಪಕ್ಷವಾತ ಬಂದಾಗ ಅವರು ಉಳಿಯಲಿಲ್ಲ. ಸುದ್ದಿ ತಿಳಿದ ದಿನವೇ ಸದಸ್ಯರು ಅವರ ಪುಟಗಳನ್ನೆಲ್ಲ 'ಹಿರಿಯರ ಕೈಬರಹ' ವಿಭಾಗಕ್ಕೆ ಸಾಗಿಸಿ, ಮೇಲೆ ದೀಪದ ಚಿತ್ರವಿಟ್ಟರು. ಯಜಮಾನರು ತಾಣದ ಕೀಲಿಯನ್ನು ನನಗೆ ಒಪ್ಪಿಸಿದರು. ನಾನು ಮಾಡಿದ ಮೊದಲ ಕೆಲಸ ಅವುಗಳನ್ನೆಲ್ಲ ಮೊದಲ ಗೆರೆಗೆ ಹಿಂದಿರುಗಿಸಿದ್ದು. "ಸತ್ತವರಿಗೆ ಇದು ಅವಮಾನ, ಮುದುಕನಿಗೆ ಅರಳುಮರಳು" ಎಂದು ಕೆಲವು ಸದಸ್ಯರು ಬರೆದರು. ಬರೆಯಲಿ. ಮೇಡಂಗೆ ನಾನು ಮಾಡಿದ ಅನ್ಯಾಯಕ್ಕೆ ಪ್ರಾಯಶ್ಚಿತ್ತವಿಲ್ಲ. ಆ ಪುಟಗಳನ್ನು ಕಾಯುವುದಷ್ಟೇ ನನ್ನ ಪಾಲಿಗೆ ಉಳಿದದ್ದು.

ಮೊನ್ನೆ, ಆ 'ಕ'ಗಳ ಪುಟದ ಕೆಳಗೆ ಹೊಸ ಪ್ರಶ್ನೆಯೊಂದು ಬಂದಿದೆ. ಕೇಳಿದವರು ಯಾರೆಂದು ತಿಳಿಯದು. "ನನಗೂ ಎಡಗೈ ಒಂದೇ ಉಳಿದಿದೆ. ಕಾಗದವನ್ನು ಯಾವ ಕಡೆಗೆ ವಾಲಿಸಿ ಇಟ್ಟುಕೊಂಡಿರಿ, ಅಮ್ಮಾ?"