ಬೆಟ್ಟದ ಮೇಲೆ ನಿಂತ ಬೆಳಕು

ಗುಂಡ್ಲುಪೇಟೆಯಿಂದ ಬಂಡೀಪುರಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ನಡೆದರೆ, ಕಾಡಿನ ಅಂಚಿಗೆ ನಮ್ಮ ಜಮೀನು. ಆ ವರ್ಷ ಚೆಂಡುಹೂವು ಹಾಕಿದ್ದೆವು. ಮೋಟರಿಗೆ ಬೇಕಾದ ತ್ರೀಫೇಸ್ ಕರೆಂಟು ಕತ್ತಲಾದ ಮೇಲೆಯೇ ಬರುತ್ತಿತ್ತು. ಅಂದು ನಮ್ಮ ಯಜಮಾನರು ಹೂವಿನ ಲೋಡಿನ ಜೊತೆ ಹೋಗಿದ್ದರು. ಅತ್ತೆ ಬ್ಯಾಟರಿ ಲೈಟು ತೆಗೆದುಕೊಂಡರು. "ನಾನಿವ್ನಿ ಬಾ ಕಣಮ್ಮಿ, ಮೋಟ್ರು ಆಕ್ಬುಟ್ಟು ಬರನ," ಎಂದು ಮುಂದೆ ನಡೆದರು.

ಅತ್ತೆ ದಾರಿಯುದ್ದಕ್ಕೂ ಜೋರಾಗಿ ಮಾತಾಡುತ್ತಿದ್ದರು. ಸದ್ದು ಮಾಡುತ್ತಿದ್ದರೆ ಪ್ರಾಣಿಗಳು ದೂರ ಸರಿಯುತ್ತವೆ ಎಂದು ಅವರ ನಂಬಿಕೆ. ಹೊಲದ ನಡುವೆ ಹೋದಾಗ ನನಗೆ ಮೊದಲು ಕಂಡದ್ದು ನನ್ನದೇ ನೆರಳು. ಹೂವಿನ ಸಾಲಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಅಮಾವಾಸ್ಯೆಯ ಆಸುಪಾಸು, ನೆರಳು ಬೀಳುವಷ್ಟು ಬೆಳಕು ಎಲ್ಲಿಂದ?

ತಿರುಗಿದೆ. ಬೆಟ್ಟದ ಮೇಲೆ, ಆಕಾಶದಲ್ಲಿ ಬಿಳಿಯ ಬೆಳಕೊಂದು ನಿಂತಿತ್ತು. ಚಂದ್ರನಿಗಿಂತ ಚಿಕ್ಕದು, ಹೊಳಪು ಮಾತ್ರ ಹೆಚ್ಚು. ಮಿನುಗಲಿಲ್ಲ, ಸದ್ದೂ ಇಲ್ಲ. ಊರ ಕಡೆ ಬೊಗಳುತ್ತಿದ್ದ ನಾಯಿಗಳೂ ಸುಮ್ಮನಾಗಿದ್ದವು.

"ಅತ್ತೆ, ಅಲ್ನೋಡಿ," ಎಂದೆ.

ಅತ್ತೆ ಆಗಲೇ ಬೆಳಕನ್ನೊಮ್ಮೆ ನೋಡಿ ಬ್ಯಾಟರಿ ಆರಿಸಿದ್ದರು, ಈಗ ಆಕಾಶ ನೋಡುತ್ತಿರಲಿಲ್ಲ. ಅವರ ಕಣ್ಣು ಪಂಪ್‌ಸೆಟ್ ಮನೆಯ ಕಡೆಗಿತ್ತು. ಅದರ ಗೋಡೆಗೆ ಒತ್ತಿಕೊಂಡು ಒಂಟಿ ಸಲಗ ನಿಂತಿತ್ತು. ಕಿವಿ ಅಗಲಿಸಿ ಅದೂ ಬೆಟ್ಟದತ್ತಲೇ ಮುಖ ಮಾಡಿತ್ತು. ಇನ್ನು ನಾಲ್ಕು ಸಾಲು ದಾಟಿದ್ದರೆ ಅದರ ಕಾಲ ಬುಡಕ್ಕೇ ಹೋಗುತ್ತಿದ್ದೆವು.

ಬೆಳಕು ಥಟ್ಟನೆ ಆರಿತು.

ಕಣ್ಣಿಗೆ ಏನೂ ಕಾಣದು. ಆನೆ ನಿಂತಿದೆಯೋ ಬರುತ್ತಿದೆಯೋ ತಿಳಿಯದು. ಅಷ್ಟರಲ್ಲಿ ಅತ್ತೆ ಗಟ್ಟಿಯಾಗಿ, "ಮಾದಪ್ಪಾ, ನನ್ನಪ್ಪಾ..." ಎಂದು ದೇವರನ್ನು ಕೂಗಲು ಶುರುಮಾಡಿದರು. ನಾನು ಅವರ ಬಾಯಿಗೆ ಕೈ ಒತ್ತಿ, ಸಾಲಿನೊಳಕ್ಕೆ ಎಳೆದು ಕೆಡವಿದೆ. ಮದುವೆಯಾಗಿ ಬಂದಾಗಿನಿಂದ ಅವರೆದುರು ಕುರ್ಚಿಯ ಮೇಲೆ ಕೂತವಳಲ್ಲ ನಾನು. ಅವರ ಹಲ್ಲು ನನ್ನ ಅಂಗೈಗೆ ಒತ್ತಿತ್ತು.

ಪಂಪ್‌ಸೆಟ್ ಮನೆಯ ಕಡೆ ಪೈಪು ಲಟಕ್ಕನೆ ಮುರಿಯಿತು. ಗಿಡಗಳು ತುಳಿತಕ್ಕೆ ಸಿಕ್ಕಿ ಹೂವಿನ ಘಾಟು ಮೂಗಿಗೆ ಬಡಿಯಿತು. ಆನೆಯ ಉಸಿರು ಒಮ್ಮೆ ಎಷ್ಟು ಹತ್ತಿರ ಕೇಳಿತೆಂದರೆ ನಾನು ಕಣ್ಣು ಮುಚ್ಚಿಬಿಟ್ಟೆ. ಆಮೇಲೆ ಸದ್ದು ಕಾಡಿನ ಕಡೆಗೆ ಸರಿಯಿತು. ಆದರೂ ಬ್ಯಾಟರಿ ಹಾಕುವ ಧೈರ್ಯ ಬರಲಿಲ್ಲ. ಡ್ರಿಪ್ ಪೈಪನ್ನು ತಡವಿಕೊಂಡು, ಅಂಬೆಗಾಲಿನಲ್ಲಿ ಇಬ್ಬರೂ ರಸ್ತೆ ಸೇರಿದೆವು.

ಬೆಳಿಗ್ಗೆ ಅರಣ್ಯ ಇಲಾಖೆಯ ವಾಚರ್ ಹಾನಿ ನೋಡಲು ಬಂದ. ಅಷ್ಟರಲ್ಲಿ ಹಿಂದಿರುಗಿದ್ದ ಯಜಮಾನರು, "ನಿಮ್ಮೋರೇ ಡ್ರೋನು ಬುಟ್ಟಿರ್ಬೇಕು," ಎಂದರು.

"ನಮ್ಮೋರು ಯಾರೂ ಏನೂ ಬುಟ್ಟಿಲ್ಲ ಕಣಣ್ಣ. ಕ್ಯಾಂಪಿಂದ ನಾನೂ ಕಂಡೆ. ಆನೆ ಓಡ್ಸೋಕೆ ಬರ್ತಿದ್ದೋನು ಅಲ್ಲೇ ನಿಂತ್ಬುಟ್ಟೆ." ಅವನ ದನಿಯಲ್ಲಿ ಇನ್ನೂ ಹೆದರಿಕೆಯಿತ್ತು. "ಆ ಬೆಳಕು ಸರೀತಿತ್ತಾ, ನಿಂತಿತ್ತಾ ಅವ್ವ?"

"ಸರೀತಿತ್ತು," ಎಂದರು ಅತ್ತೆ. "ನಿಂತಿತ್ತು," ಎಂದೆ ನಾನು. ಇಬ್ಬರೂ ಒಟ್ಟಿಗೇ ಹೇಳಿದ್ದೆವು.

ಅದು ಏನೆಂದು ಇವತ್ತಿಗೂ ಯಾರೂ ಹೇಳಿಲ್ಲ. ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ಕತ್ತಲಲ್ಲಿ ಹೊಲಕ್ಕೆ ಹೋಗುವುದು ತಪ್ಪಿದೆ. ಆನೆ ತೋರಿಸಲೆಂದೇ ಮಾದಪ್ಪ ಬೆಳಕು ಕೊಟ್ಟ ಎನ್ನುತ್ತಾರೆ ಅತ್ತೆ. ಆನೆಗೂ ನಾವು ಕಂಡಿರಬೇಕಲ್ಲ ಎಂದರೆ ಕೋಪ ಮಾಡಿಕೊಂಡು ಒಳಗೆ ಹೋಗುತ್ತಾರೆ.